ಕಂಡಕ್ಟರ್ ಅಕ್ಕನ ಬಸ್ಸಿನಲ್ಲಿ ಕಪ್‌ಕೇಕಿನ ಹೂಗುಚ್ಛ

ಹೋದ ವಾರ ಮಾದನಹಿಪ್ಪರಗಾದಿಂದ ಆಳಂದಕ್ಕೆ ಹೊರಟಾಗ ಬಸ್ಸಿನಲ್ಲಿ ಹೊಸ ಕಂಡಕ್ಟರ್ ಇದ್ದರು. ಮೆತ್ತಗೆ ಮಾತಾಡುವ ತರುಣ. ಕಂಡಕ್ಟರ್ ಅಕ್ಕ ರಜೆಯ ಮೇಲಿದ್ದಾಳೇನು ಅಂತ ಕೇಳಿದೆ. ಇಲ್ಲ, ಅವರ ಸರ್ವಿಸ್ ಮುಗೀತು, ರಿಟೈರ್ ಆದರು ಅಂದರು. ಅಪ್ಪನಿಗೆ ಹುಷಾರಿಲ್ಲವೆಂದು ನಾನು ಬಹಳ ದಿನ ಜೇವರ್ಗಿಯ ತವರುಮನೆಯಲ್ಲಿದ್ದೆ, ಗೊತ್ತೇ ಆಗಿರಲಿಲ್ಲ. ಕಿಟಕಿ ಪಕ್ಕ ಕೂತು ತೊಗರಿ ಹೊಲಗಳನ್ನು ನೋಡುತ್ತ ಹೋದೆ. ಬೇಸರ ಆಗಬೇಕಿತ್ತು. ಆದರೆ ಮನಸ್ಸಿಗೆ ಬಂದದ್ದು ನಿರಾಳ. ಸರ್ವಿಸ್ ಪೂರ್ತಿ ಮಾಡಿ, ಹಾರ ಹಾಕಿಸಿಕೊಂಡು, ಆರಾಮಾಗಿ ನಡೆದು ಮನೆಗೆ ಹೋದಳಲ್ಲ ಅನ್ನುವ ನಿರಾಳ. ಹಾಗೆ ಆಗುತ್ತದೋ ಇಲ್ಲವೋ ಅಂತ ಹೆದರಿಕೊಂಡಿದ್ದ ಒಂದು ಕಾಲವೂ ಇತ್ತು.

ಆಕೆಯ ಹೆಸರು ಖಾಕಿ ಅಂಗಿಯ ಮೇಲಿನ ಪಟ್ಟಿಯಲ್ಲಿ ಇರುತ್ತಿತ್ತು. ಆ ಹೆಸರು ಹಿಡಿದು ಕರೆದವರನ್ನು ಮಾತ್ರ ನಾನು ನೋಡಿಲ್ಲ. ಮುದುಕರಿಂದ ಹಿಡಿದು ಶಾಲೆಯ ಮಕ್ಕಳ ತನಕ ಎಲ್ಲರಿಗೂ ಕಂಡಕ್ಟರ್ ಅಕ್ಕ. ನಾನೂ ಇಲ್ಲಿ ಹೆಸರು ಬರೆಯುವುದಿಲ್ಲ. ಬರೆದೆ ಅಂತ ಗೊತ್ತಾದರೆ, ಅದನ್ನ ಹೋಗಿ ಬಸ್ ಸ್ಟ್ಯಾಂಡಿನ ಗೋಡಿ ಮ್ಯಾಲೂ ಬರದು ಬಾ ಅಂತ ಬೈಯುವವಳು ಆಕೆ.

ಕುಳ್ಳಗೆ, ಗಟ್ಟಿಮುಟ್ಟಾಗಿ ಇದ್ದಳು. ಸೀರೆಯ ಮೇಲೆ ಖಾಕಿ ಅಂಗಿ, ಹಣೆಯಲ್ಲಿ ವಿಭೂತಿ, ಬಗಲಲ್ಲಿ ಚರ್ಮದ ಚೀಲ. ಕೊರಳಲ್ಲಿ ಸೀಟಿ ತೂಗುತ್ತಿತ್ತು, ಊದಿದ್ದು ಕಡಿಮೆ. ಅದರ ಅಗತ್ಯ ಬೀಳುತ್ತಿರಲಿಲ್ಲ. ಆಳಂದ ಸ್ಟ್ಯಾಂಡಿನ ಆ ತುದಿಯಲ್ಲಿ ನಿಂತು "ಹಿಪ್ಪರಗಾ, ಹಿಪ್ಪರಗಾ" ಅಂತ ಒಮ್ಮೆ ಕೂಗಿದರೆ ಈ ತುದಿಯ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದವರು ಬಸಿ ಕೆಳಗಿಟ್ಟು ಓಡಿ ಬರುತ್ತಿದ್ದರು. ಗಂಡ ಡ್ರೈವರ್ ಆಗಿದ್ದನಂತೆ. ಅವನು ಜ್ವರದಲ್ಲಿ ತೀರಿಕೊಂಡ ಮೇಲೆ ಈಕೆಗೆ ಈ ಕೆಲಸ ಸಿಕ್ಕಿತು. ಮಕ್ಕಳಿರಲಿಲ್ಲ. ಆಳಂದದಲ್ಲಿ ಒಂದು ಬಾಡಿಗೆ ಖೋಲಿಯಲ್ಲಿ ಒಬ್ಬಳೇ ಇರುತ್ತಿದ್ದಳು. ತಮ್ಮ ಒಬ್ಬ ಸೊನ್ನದಲ್ಲಿ ಭೀಮಾ ನದಿಯ ದಂಡೆಗೆ ಹೊಲ ಮಾಡಿಕೊಂಡಿದ್ದ.

ಹೆಂಗಸರಿಗೆ ಬಸ್ಸು ಪುಕ್ಕಟೆ ಆದ ಮೇಲೆ ಗದ್ದಲ ವಿಪರೀತವಾಯಿತು. ರೊಕ್ಕಾ ಕೊಟ್ಟವರು ನಿಂತಿದ್ದಾರೆ, ಪುಕ್ಕಟೆ ಬಂದವರು ಕೂತಿದ್ದಾರೆ ಅಂತ ಗಂಡಸರು ಗೊಣಗುವರು. ಹೆಂಗಸರು ಚೀಲಕ್ಕೊಂದು ಸೀಟು ಹಿಡಿಯುವರು. ಅಕ್ಕ ಇಬ್ಬರಿಗೂ ಒಂದೇ ಮಾತು ಹೇಳುತ್ತಿದ್ದಳು: "ಬಸ್ಸು ನಮ್ಮಪ್ಪಂದೂ ಅಲ್ಲ, ನಿಮ್ಮಪ್ಪಂದೂ ಅಲ್ಲ. ಸರದು ಕೂಡ್ರಿ." ಸಿಟ್ಟಿನಿಂದಲ್ಲ, ಮನೆಯಲ್ಲಿ ಊಟಕ್ಕೆ ಸಾಲು ಕೂರಿಸುವ ಹಿರಿಯಳ ಹಾಗೆ. ಮಂದಿ ಸರಿದು ಕೂಡುತ್ತಿದ್ದರು.

ಒಮ್ಮೆ ಒಬ್ಬ ಹೊಸ ಮದುವೆಯ ಗಂಡ ಹೆಂಡತಿಯ ಜೊತೆ ಜಗಳಾಡಿ, ನಡುದಾರಿಯಲ್ಲಿ ಬಸ್ಸು ನಿಲ್ಲಿಸಲು ಹೇಳಿ ಇಳಿದುಬಿಟ್ಟ. ಹುಡುಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕೂತಳು. ಡ್ರೈವರ್ ಚಾಚಾ ಗಾಡಿ ಬಿಡಲು ಹೋದರೆ ಅಕ್ಕ ಬೇಡ ಅಂತ ಕೈ ತೋರಿಸಿದಳು. ಹೊರಗೆ ಬೇಸಗೆಯ ಬಿಸಿಲು, ಒಂದು ಗಿಡ ಇಲ್ಲ. "ನಿಂದ್ರು ಚಾಚಾ, ಅಂವ ಹತ್ತತಾನ" ಅಂದು ತಾನು ಬಾಗಿಲಲ್ಲಿ ಕೂತು ಎಲೆ ಅಡಿಕೆ ಹಾಕಿಕೊಂಡಳು. ಬಸ್ಸಿಗೆ ಬಸ್ಸೇ ಕಿಟಕಿಯಿಂದ ಆ ಗಂಡನನ್ನು ನೋಡುತ್ತ ಕೂತಿತು. ಅವನು ಎಲೆ ಅಡಿಕೆ ಮುಗಿಯುವ ಮೊದಲೇ ಹತ್ತಿ ಬಂದ. ಅಕ್ಕ ಹೆಂಡತಿಯ ಪಕ್ಕದ ಸೀಟಿನಲ್ಲಿ ಕೂತಿದ್ದ ನನ್ನನ್ನು ಎಬ್ಬಿಸಿ ಹಿಂದಕ್ಕೆ ಕಳಿಸಿದಳು, ಅಷ್ಟೇ.

ನಾನು ಮದುವೆಯಾಗಿ ಮಾದನಹಿಪ್ಪರಗಾಕ್ಕೆ ಬಂದವಳು. ಫೋನಿನಲ್ಲಿ ನೋಡಿ ನೋಡಿ ಕೇಕ್ ಮಾಡುವುದು ಕಲಿತೆ. ನಮ್ಮ ಅತ್ತೆ ದಿನಾ ಲಿಂಗಪೂಜೆ ಮಾಡುವವರು. ಕೇಕ್ ಅಂದರೆ ತತ್ತಿ, ಅದು ಈ ಹೊಸ್ತಿಲು ದಾಟಕೂಡದು ಅಂದಿದ್ದರು. ತತ್ತಿಯ ಬದಲು ಮೊಸರು ಹಾಕಿ ಮಾಡಿ ತೋರಿಸಿದೆ. ಅವರ ಕಣ್ಣೆದುರಿಗೇ ಕಲಸಬೇಕು ಅನ್ನುವ ಷರತ್ತಿನ ಮೇಲೆ ಒಪ್ಪಿಕೊಂಡರು. ಊರಿನ ಹುಟ್ಟುಹಬ್ಬಗಳಿಗೆ ಕೇಕ್ ಕೊಡುತ್ತಿದ್ದೆ. ಕ್ರೀಮ್ ತರಲು ವಾರಕ್ಕೊಮ್ಮೆ ಐಸ್ ಡಬ್ಬಿ ಹಿಡಿದುಕೊಂಡು ಆಳಂದಕ್ಕೆ ಹೋಗಬೇಕು. ಅಕ್ಕನ ಪರಿಚಯ ಆದದ್ದು ಆ ಡಬ್ಬಿಯಿಂದ. ಅದರೊಳಗೆ ಏನದ ಅಂತ ಕೇಳಿದಳು. ಮುಂದಿನ ಸಲ ಆಕೆಗೆ ಅಂತ ಒಂದು ಕಪ್‌ಕೇಕ್ ಒಯ್ದೆ. ಕಪ್‌ಕೇಕ್ ಅಂದರೆ ಅಂಗೈಯಲ್ಲಿ ಹಿಡಿಸುವ, ಕಾಗದದ ಬಟ್ಟಲಲ್ಲಿ ಬೇಯಿಸಿದ ಪುಟ್ಟ ಕೇಕು. ತಿಂದು, ಕಾಗದವನ್ನು ಮಡಿಚಿ ಚೀಲದಲ್ಲಿ ಇಟ್ಟುಕೊಂಡು, ಚೊಲೊ ಅದ, ಆದರೆ ಬಾಯಾಗ ಇಟ್ಟ ಕೂಡಲೇ ಕರಗಿ ಹೋಗ್ತದ, ನಮ್ಮ ಕಡಿ ಮಂದಿಗೆ ಅಗಿಯಲಿಕ್ಕೆ ಏನಾದರೂ ಬೇಕು ಅಂದಳು. ಅಂದಿನಿಂದ ನಾನು ಹುರಿದ ಶೇಂಗಾ ತರಿತರಿ ಕುಟ್ಟಿ ಹಾಕತೊಡಗಿದೆ. ಈಗಲೂ ಹಾಕುತ್ತೇನೆ. ಜನ ಅದನ್ನೇ ಕೇಳಿ ಒಯ್ಯುತ್ತಾರೆ.

ಆಕೆಯ ದನಿ ಒಡೆಯುತ್ತ ಬಂದದ್ದು ಒಮ್ಮೆಲೇ ಯಾರಿಗೂ ತಿಳಿಯಲಿಲ್ಲ. ಮೊದಲು ಶೀತ ಅಂದಳು. ಆಮೇಲೆ ಧೂಳು ಅಂದಳು. ತಿಂಗಳುಗಟ್ಟಲೆ ಹಾಗೇ ನಡೆಯಿತು. ಕೂಗಲು ಹೋದರೆ ಬರೀ ಗಾಳಿ ಬರುವುದು. ಕೊರಳಲ್ಲಿ ಸುಮ್ಮನೆ ತೂಗುತ್ತಿದ್ದ ಸೀಟಿ ಈಗ ಸದಾ ಬಾಯಲ್ಲಿ. ಎಲೆ ಅಡಿಕೆ ಬಿಟ್ಟಳು. ಒಂದು ದಿನ ಬಸ್ಸು ಖಾಲಿ ಇದ್ದಾಗ ನನ್ನ ಪಕ್ಕ ಬಂದು ಕೂತು, ಕಿಟಕಿಯ ಹೊರಗೆ ನೋಡುತ್ತ ಪಿಸುದನಿಯಲ್ಲಿ ಎಲ್ಲ ಹೇಳಿದಳು. ಸೋಲಾಪುರದ ದವಾಖಾನೆಗೆ ಹೋಗಿದ್ದಳಂತೆ. ಗಂಟಲೊಳಗೆ ಒಂದು ಗಂಟು ಇದೆಯಂತೆ. ತೆಗೆದು, ಅದು ಎಂಥಾದ್ದು ಅಂತ ಪರೀಕ್ಷೆಗೆ ಕಳಿಸಬೇಕಂತೆ. ಎಂಥಾದ್ದು ಅಂದರೆ ಏನು ಅಂತ ಆಕೆಯೂ ಬಿಡಿಸಿ ಹೇಳಲಿಲ್ಲ, ನಾನೂ ಕೇಳಲಿಲ್ಲ. ಇಬ್ಬರಿಗೂ ಗೊತ್ತಿತ್ತು.

"ಸಾಯಾಕ ಅಂಜಿಕಿ ಇಲ್ಲ, ತಂಗಿ" ಅಂದಳು. "ದನಿ ಹೋದ್ರ ಮನ್ಯಾಗ ಯಾರ ಜೋಡಿ ಕೂಡಲಿ? ಈ ಬಸ್ಸಿನ್ಯಾಗಷ್ಟೇ ನಂಗ ಮಂದಿ ಅದಾರ."

ನಾನು ಆಕೆಯ ಕೈ ಹಿಡಿದುಕೊಂಡೆ. ಅಷ್ಟರಲ್ಲಿ ಊರು ಬಂತು.

ಆಪರೇಷನ್ ಆಯಿತು. ಗಂಟಲಿಗೆ ಪೂರ್ತಿ ವಿಶ್ರಾಂತಿ ಬೇಕು ಅಂದಿದ್ದರು ಡಾಕ್ಟರು. ರಜೆ ತೆಗೆದುಕೊಂಡು ಸ್ವಲ್ಪ ದಿನ ಖೋಲಿಯಲ್ಲಿ ಕೂತಳು. ಪರೀಕ್ಷೆಯ ಫಲ ಬರುವ ತನಕ ಗೋಡೆ ನೋಡಿಕೊಂಡು ಕೂಡಲು ಆಗದೆ, ಇನ್ನೂ ರಜೆ ಇದ್ದರೂ ಡ್ಯೂಟಿಗೆ ಬಂದಳು. ಮಾತಾಡುವುದಿಲ್ಲ, ಸೀಟಿ ಊದುತ್ತೇನೆ, ಟಿಕೆಟ್ ಹರಿಯುತ್ತೇನೆ ಅಂತ ಮೇಲಿನವರನ್ನು ಒಪ್ಪಿಸಿದ್ದಳಂತೆ. ಆಗ ಬಸ್ಸಿನಲ್ಲಿ ನಾನು ಕಂಡದ್ದನ್ನು ಮರೆಯಲಾರೆ. ದಿನಾ ಈ ಬಸ್ಸಿಗೇ ಬರುವ ಒಬ್ಬ ಅಜ್ಜ ಇದ್ದ, ಎಲ್ಲರೂ ಮುತ್ಯಾ ಅನ್ನುತ್ತಿದ್ದರು. ಕಿಟಕಿ ತೆಗೆಯುವ, ಮುಚ್ಚುವ ವಿಷಯಕ್ಕೆ ಅಕ್ಕನ ಜೊತೆ ವರ್ಷಗಟ್ಟಲೆ ಜಗಳಾಡಿದವನು. ಈಗ ಅವನೇ ಮುಂದಿನ ಸೀಟಿನಲ್ಲಿ ಎದ್ದು ನಿಂತು ಒಂದೊಂದೇ ಊರಿನ ಹೆಸರು ಕೂಗುತ್ತಿದ್ದ. ಹಿಂದಿನಿಂದ ಹೆಂಗಸರು ತಾವಾಗೇ, ನಮ್ಮಪ್ಪಂದಲ್ಲ ನಿಮ್ಮಪ್ಪಂದಲ್ಲ ಸರದು ಕೂಡ್ರಿ ಅನ್ನುತ್ತಿದ್ದರು. ಅಕ್ಕ ನಡುವೆ ಕಂಬ ಹಿಡಿದು ನಿಂತು, ತುಟಿ ಬಿಗಿಹಿಡಿದು, ಎಲ್ಲರ ಮುಖ ನೋಡುತ್ತಿದ್ದಳು.

ಅದೇ ದಿನಗಳಲ್ಲಿ ನನಗೆ ಅತನೂರಿನಿಂದ ಒಂದು ಆರ್ಡರ್ ಬಂತು. ನಮ್ಮೂರ ಹೊರಗಿನಿಂದ ಬಂದ ಮೊದಲನೆಯದು. ಅಲ್ಲಿಯ ಒಂದು ಮನೆಯಲ್ಲಿ ಸೊಸೆಯ ಕುಬಸದ ಕಾರ್ಯ. ಬಸುರಿಗೆ ಹಸಿರು ಬಳೆ ತೊಡಿಸಿ, ಹೂ ಮುಡಿಸಿ, ಆರತಿ ಮಾಡುವ ದಿನ. ಆದರೆ ಆ ಹುಡುಗಿಗೆ ಹೂವಿನ ವಾಸನೆಯೇ ಆಗುತ್ತಿರಲಿಲ್ಲ. ಮಲ್ಲಿಗೆ ಕಂಡರೆ ವಾಂತಿ, ಸೇವಂತಿಗೆ ಕಂಡರೆ ವಾಂತಿ. ಹೂ ಇಲ್ಲದ ಕುಬಸ ಹೆಂಗ ಮಾಡೋದು ಅಂತ ಅವಳ ಅತ್ತೆ ಕಣ್ಣೀರು ಹಾಕುತ್ತಿದ್ದರಂತೆ. ನಾದಿನಿಗೆ ಒಂದು ಉಪಾಯ ಹೊಳೆದು ನನಗೆ ಫೋನ್ ಮಾಡಿದಳು. ಕೇಕಿನಲ್ಲೇ ಒಂದು ದೊಡ್ಡ ಹೂಗುಚ್ಛ ಮಾಡಿಕೊಡಲಿಕ್ಕೆ ಆಗುತ್ತದೇನ್ರಿ ಅಂತ. ಅಂಥದ್ದನ್ನು ನಾನು ಚಿತ್ರದಲ್ಲಿ ಮಾತ್ರ ನೋಡಿದ್ದೆ. ಆಗುತ್ತದ್ರಿ ಅಂದುಬಿಟ್ಟೆ.

ಥರ್ಮಾಕೋಲಿನ ಗುಂಡನ್ನು ಅರ್ಧಕ್ಕೆ ಕತ್ತರಿಸಿ ಬಿದಿರಿನ ಬುಟ್ಟಿಯಲ್ಲಿ ಕೂರಿಸಿದೆ. ಅದರ ತುಂಬ ಕಡ್ಡಿ ಚುಚ್ಚಿ, ಕಡ್ಡಿಗೊಂದು ಕಪ್‌ಕೇಕ್ ಸಿಕ್ಕಿಸಿದೆ. ಕ್ರೀಮಿನ ಚೀಲದ ತುದಿಗೆ ತಗಡಿನ ಮೂತಿ ಹಾಕಿ, ಹಿಂಡಿ ಹಿಂಡಿ ಹೂ ಬಿಡಿಸಿದೆ. ಗುಲಾಬಿ ಬೇಗ ಬಂತು, ಸೇವಂತಿಗೆಯ ಎಸಳು ಮಾತ್ರ ಕೈಗೆ ಹತ್ತಲಿಲ್ಲ, ಮೂರು ನಾಲ್ಕನ್ನು ಕೆರೆದು ತೆಗೆದು ಮತ್ತೆ ಮಾಡಿದೆ. ಸಂದಿಗಳಲ್ಲಿ ಹಸಿರು ಕಾಗದದ ಎಲೆ ಇಟ್ಟೆ. ನಮ್ಮ ಅತ್ತೆ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿ, ದೇವರ ಜಗಲಿ ಮೇಲಿಟ್ಟರೂ ನಡೀತದ ಅಂದರು. ಅವರ ಬಾಯಲ್ಲಿ ಅಷ್ಟು ಬಂದದ್ದು ನನಗೆ ಧೈರ್ಯ ಕೊಟ್ಟಿತು.

ನನ್ನ ಗಂಡ ಹೊಲಕ್ಕೆ ಹೋಗಲೇಬೇಕಿತ್ತು. ಬೈಕಿನ ಮೇಲೆ ಒಯ್ದರೆ ಬಿಸಿಲಿಗೆ ಕ್ರೀಮ್ ಇಳಿದು ಹೋಗುತ್ತಿತ್ತು. ಅಕ್ಕನ ಬಸ್ಸು ನಮ್ಮೂರಿನಿಂದ ಆಳಂದಕ್ಕೆ, ಅಲ್ಲಿಂದ ಅತನೂರಿನ ಮೇಲೆ ಅಫಜಲಪುರಕ್ಕೆ ಹೋಗುತ್ತಿತ್ತು. ಬುಟ್ಟಿ ಹಿಡಿದು ಸ್ಟಾಪಿನಲ್ಲಿ ನಿಂತೆ. ಬಸ್ಸು ಬಂತು, ಬಾಗಿಲು ತನಕ ಮಂದಿ.

ಅಕ್ಕ ಬುಟ್ಟಿ ನೋಡಿದಳು. ಒಂದು ಸಲ ಸೀಟಿ ಊದಿ, ಎರಡೂ ಕೈ ಅಗಲಿಸಿ ಮಂದಿಯನ್ನು ಹಿಂದಕ್ಕೆ ಸರಿಸಿದಳು. ಡ್ರೈವರ್ ಚಾಚಾನ ಹಿಂದಿನ ಸೀಟಿನಲ್ಲಿದ್ದ ಮುತ್ಯಾನ ಕಡೆ ಕಣ್ಣು ಮಾಡಿದಳು. ಅವನು ಎದ್ದ. ನನ್ನನ್ನು ಅಲ್ಲಿ ಕೂರಿಸಿ, ತನ್ನ ಟವೆಲ್ಲನ್ನು ಬಾಟಲಿಯ ನೀರಿನಿಂದ ತೋಯಿಸಿ ಹಿಂಡಿ ಕಿಟಕಿಗೆ ಕಟ್ಟಿದಳು. ಚಾಚಾನ ಬೆನ್ನು ತಟ್ಟಿ, ಬುಟ್ಟಿ ತೋರಿಸಿ, ಅಂಗೈಯನ್ನು ಮೆಲ್ಲಗೆ ಅಲುಗಿಸಿದಳು. ನಿಧಾನ ಅಂತ. ಇದೇನು ನಿಜವಾದ ಹೂವೇನವ್ವ ಅಂತ ಒಬ್ಬಳು ಕೇಳಿದಳು. ಕೇಕು ಅಂದೆ. ಆ ಮಾತು ಬಸ್ಸಿನ ಹಿಂದಿನ ತನಕ ಹೋಯಿತು. ಆಮೇಲೆ ನನ್ನ ಪಕ್ಕದಲ್ಲಿ ನಿಂತ ಹೆಂಗಸರು ತಾವೇ ಬೆನ್ನು ಕೊಟ್ಟು ಗೋಡೆಯ ಹಾಗೆ ನಿಂತರು.

ಆಳಂದ ಸರಿಯಾಗಿ ಮುಟ್ಟಿತು. ಅಲ್ಲಿ ಸ್ವಲ್ಪ ಗದ್ದಲ ಕಡಿಮೆಯಾಯಿತು. ಅಕ್ಕ ಬಂದು ನನ್ನ ಪಕ್ಕ ನಿಂತಳು. ಮುಖ ಬಾಡಿತ್ತು. ಪಿಸುದನಿಯಲ್ಲಿ, ಇವತ್ತು ತಮ್ಮ ಸೋಲಾಪುರಕ್ಕ ಹೋಗ್ಯಾನ ಅಂದಳು. ಪರೀಕ್ಷೆಯ ಫಲ ಇವತ್ತು ಕೊಡುತ್ತಾರೆ ಅಂತ ನನಗೆ ಅರ್ಥವಾಯಿತು. ಹಾಗಾದರೆ ಮನೆಯಲ್ಲೇ ಇರಬೇಕಿತ್ತಲ್ಲ ಅಂದೆ. ಆಕೆ ಬಸ್ಸಿನ ಮಂದಿಯ ಕಡೆ ತಿರುಗಿ ನೋಡಿದಳು.

ಊರು ಬಿಟ್ಟು ಸ್ವಲ್ಪ ದೂರ ಬಂದಿದ್ದೆವು. ಒಂದು ಎಮ್ಮೆ ರಸ್ತೆಗೆ ಅಡ್ಡ ಬಂತು. ಚಾಚಾ ಗಕ್ಕನೆ ಬ್ರೇಕ್ ಹಾಕಿದರು. ಬುಟ್ಟಿ ನನ್ನ ತೊಡೆಯ ಮೇಲಿಂದ ಹಾರಿತು. ಮುಂದೆ ನಿಂತಿದ್ದ ಅಕ್ಕ ಕಂಬ ಬಿಟ್ಟು ಎರಡೂ ಕೈ ಚಾಚಿ ಅದನ್ನು ಎದೆಗೆ ಅವುಚಿಕೊಂಡು ಡ್ರೈವರ್ ಸೀಟಿನ ಹಿಂದಿನ ಸರಳಿಗೆ ಬೆನ್ನು ಬಡಿಸಿಕೊಂಡಳು. ಬಸ್ಸು ನಿಂತಿತು. ಆಕೆ ಮೆಲ್ಲಗೆ ಬುಟ್ಟಿಯನ್ನು ನನ್ನ ಕೈಗೆ ಕೊಟ್ಟಳು. ಒಂದೇ ಒಂದು ಗುಲಾಬಿ ಚಪ್ಪಟೆಯಾಗಿತ್ತು. ಅದರ ಕೆಂಪು ಕ್ರೀಮೆಲ್ಲ ಆಕೆಯ ಖಾಕಿ ಅಂಗಿಯ ಮೇಲೆ ಹತ್ತಿತ್ತು, ಹೆಸರಿನ ಪಟ್ಟಿ ಕಾಣದ ಹಾಗೆ. ನನ್ನ ಚೀಲದಲ್ಲಿ ಉಳಿದ ಕ್ರೀಮೂ ನಾಲ್ಕಾರು ಕಪ್‌ಕೇಕೂ ಇದ್ದವು. ಸರಿ ಮಾಡಬಹುದು ಅಂದೆ. ಚಾಚಾ ಬಸ್ಸನ್ನು ಒಂದು ಬೇವಿನ ಗಿಡದ ನೆರಳಿಗೆ ತಂದು ನಿಲ್ಲಿಸಿದರು. ತಡ ಆಗ್ತದ ಅಂತ ಒಬ್ಬರೂ ಅನ್ನಲಿಲ್ಲ. ನಾನು ಹೂ ಹಿಂಡತೊಡಗಿದೆ.

ಆಗ ಅಕ್ಕನ ಫೋನ್ ರಿಂಗಾಯಿತು.

ಆಕೆ ಅದನ್ನು ಚೀಲದಿಂದ ತೆಗೆದು ನೋಡಿದಳು. ತಮ್ಮನ ಹೆಸರು. ಒಂದು ಕ್ಷಣ ಹಾಗೇ ಹಿಡಿದುಕೊಂಡು ನಿಂತಳು. ಆಮೇಲೆ ಅದನ್ನು ಒತ್ತಿ, ತನ್ನ ಕಿವಿಗಲ್ಲ, ನನ್ನ ಕಿವಿಗೆ ಇಟ್ಟಳು. ನನ್ನ ಒಂದು ಕೈಯಲ್ಲಿ ಕ್ರೀಮಿನ ಚೀಲ, ಇನ್ನೊಂದರಲ್ಲಿ ಬುಟ್ಟಿ. ಆಕೆಯೇ ಫೋನ್ ಹಿಡಿದುಕೊಂಡಿದ್ದಳು.

ನಾನು ಇಂಥವಳು, ಅಕ್ಕ ಪಕ್ಕದಲ್ಲೇ ಇದ್ದಾಳೆ, ಹೇಳ್ರಿ ಅಂದೆ. ತಮ್ಮ ಆತುರದಲ್ಲಿ ಏನೇನೋ ಹೇಳಿದ. ಮೊದಲು ತಿಳಿಯಲಿಲ್ಲ. ಇನ್ನೊಮ್ಮೆ ನಿಧಾನ ಹೇಳ್ರಿ ಅಂದೆ. ಬಸ್ಸಿನಲ್ಲಿ ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಅಷ್ಟೂ ಮಂದಿಗೆ ವಿಷಯ ಗೊತ್ತಿತ್ತು ಅನ್ನುವುದು ನನಗೆ ಆಗಲೇ ತಿಳಿದದ್ದು. ಅಕ್ಕ ಮಾತ್ರ ನನ್ನನ್ನು ನೋಡುತ್ತಿರಲಿಲ್ಲ. ಕಣ್ಣು ಮುಚ್ಚಿಕೊಂಡಿದ್ದಳು.

"ಏನೂ ಇಲ್ಲಂತ್ರಿ ಅಕ್ಕಾ" ಅಂದೆ. "ಕೂಗಿ ಕೂಗಿ ಆದ ಗಂಟಂತ. ಕೆಟ್ಟದ್ದಲ್ಲಂತ. ಗಾಯ ಮಾಯ್ದ ಮ್ಯಾಲ ದನಿ ಬರ್ತದಂತ್ರಿ."

ಆಕೆ ಕಣ್ಣು ತೆರೆಯಲಿಲ್ಲ. ಮೆಲ್ಲಗೆ ಕೆಳಗೆ, ಬಸ್ಸಿನ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಇಷ್ಟು ವರ್ಷಗಳಲ್ಲಿ ಆಕೆ ಹಾಗೆ ಕುಸಿದು ಕೂತದ್ದನ್ನು ನಾನು ನೋಡಿರಲಿಲ್ಲ. ಮುತ್ಯಾ ಮುಖ ಆಚೆ ಮಾಡಿಕೊಂಡು ಧೋತರದ ತುದಿಯಿಂದ ಕಣ್ಣು ಒರೆಸಿಕೊಂಡ. ಹೆಂಗಸರು ಒಬ್ಬರಾದ ಮೇಲೆ ಒಬ್ಬರು ಬಂದು ಆಕೆಯ ತಲೆ ನೇವರಿಸಿ, ದೃಷ್ಟಿಯಾಗದ ಹಾಗೆ ಲಟಿಕೆ ಮುರಿದರು. ಚಾಚಾ ಇಂಜಿನ್ ಆಫ್ ಮಾಡಿ, ಸ್ಟೀರಿಂಗಿನ ಮೇಲೆ ಹಣೆಯಿಟ್ಟು, ತಮ್ಮಷ್ಟಕ್ಕೆ ಏನೋ ಹೇಳಿಕೊಂಡರು.

ಸ್ವಲ್ಪ ಹೊತ್ತಿನ ಮೇಲೆ ಅಕ್ಕ ಅಂಗಿ ನೋಡಿಕೊಂಡಳು. ಎದೆಯ ಮೇಲಿನ ಕ್ರೀಮನ್ನು ಬೆರಳಿನಿಂದ ತೆಗೆದು ಬಾಯಲ್ಲಿಟ್ಟುಕೊಂಡಳು. ಸಾವಕಾಶ ರುಚಿ ನೋಡಿದಳು.

"ಸಕ್ಕರಿ ಜರಾ ಜಾಸ್ತಿ ಆಗ್ಯದ, ತಂಗಿ" ಅಂತ ಪಿಸುಗುಟ್ಟಿದಳು.

ನಾನು ನಕ್ಕೆ, ನಗುತ್ತ ಅಳು ಬಂತು, ಹೂವಿನ ಎಸಳು ವಾರೆಯಾಯಿತು. ಅದನ್ನು ತೆಗೆದು ಮತ್ತೆ ಮಾಡಬೇಕಾಯಿತು.

ಅತನೂರಿನಲ್ಲಿ ಇಳಿದಾಗ ಆ ಮನೆಯವರು ದಾರಿ ಕಾಯುತ್ತ ನಿಂತಿದ್ದರು. ಆರತಿಗೆ ಇನ್ನೂ ಹೊತ್ತಿತ್ತು. ಬಸುರಿ ಹುಡುಗಿ ಬುಟ್ಟಿಯ ಹತ್ತಿರ ಅಂಜುತ್ತ ಮೂಗು ತಂದಳು. ಏಲಕ್ಕಿ ವಾಸನೆ ಅಂದಳು. ಇನ್ನೊಮ್ಮೆ ಮೂಸಿದಳು. ಏನೂ ಆಗಲಿಲ್ಲ. ಒಂದು ಗುಲಾಬಿಯನ್ನು ಕಿತ್ತು, ಅಲ್ಲೇ ನಿಂತು, ಕೊನೆಯ ತನಕ ತಿಂದಳು. ಎಷ್ಟೋ ದಿನಗಳ ಮೇಲೆ ಆಕೆಯ ಹೊಟ್ಟೆಯಲ್ಲಿ ಏನೋ ನಿಂತಿತು ಅಂತ ಅವಳ ಅತ್ತೆ ಕೈ ಮುಗಿದರು. ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡೇ ಹುಡುಗಿ ಬಳೆ ತೊಡಿಸಿಕೊಂಡಳು.

ಅಕ್ಕನ ದನಿ ತಿರುಗಿ ಬರಲು ಬಹಳ ದಿನ ಹಿಡಿಯಿತು. ಮೊದಲು ಸ್ವಲ್ಪ ಕರಕರ ಅನ್ನುತ್ತಿತ್ತು. ಡಾಕ್ಟರು ಇನ್ನು ಮೇಲೆ ಕೂಗಬಾರದು ಅಂದಿದ್ದರು. ಆಕೆ ಹೂಂ ಅಂದಿದ್ದಳು. ಮಳೆಗಾಲ ಮುಗಿಯುವ ಹೊತ್ತಿಗೆ ಆಳಂದ ಸ್ಟ್ಯಾಂಡಿನಲ್ಲಿ ಮತ್ತೆ ಚಹಾದ ಬಸಿಗಳು ಕೆಳಗಿಳಿಯತೊಡಗಿದವು. ಮುತ್ಯಾ ತನ್ನ ಕೆಲಸ ಹೋಯಿತೆಂದು ಗೊಣಗುತ್ತ ಮತ್ತೆ ಕಿಟಕಿಯ ಜಗಳಕ್ಕೆ ಇಳಿದ. ಹಾಗೇ ಒಂದೆರಡು ವರ್ಷ ಕಳೆದು, ಈಗ ಸರ್ವಿಸ್ ಮುಗಿಸಿ ಹೋಗಿದ್ದಾಳೆ.

ಹೊಸ ಕಂಡಕ್ಟರ್ ವಿಷಯ ಹೇಳಿದ ದಿನ ಸಂಜೆ ಮನೆಗೆ ಬಂದವಳೇ ಫೋನ್ ಹಚ್ಚಿದೆ. ಸೊನ್ನದಲ್ಲಿ ತಮ್ಮನ ಮನೆಯಲ್ಲಿದ್ದಾಳೆ. ಹೇಳದೆ ಹೋಗಿಬಿಟ್ಟಿರಲ್ಲ ಅಕ್ಕಾ ಅಂದೆ. ನೀ ತವರುಮನ್ಯಾಗ ಕುಂತು ಉಣ್ಣಾಕತ್ತಿದ್ದಿ, ನಿನಗ ಎಲ್ಲಿ ಹುಡುಕಲಿ ಅಂತ ನನಗೇ ಬೈದಳು. ಸಂಜೆ ಬ್ಯಾರೇಜಿನ ಕಡೆ ತಿರುಗಾಡಲು ಹೋಗುತ್ತಾಳಂತೆ. ತಮ್ಮನ ಮೊಮ್ಮಕ್ಕಳಿಗೆ ಓದಿಸುತ್ತಾಳಂತೆ. ನದಿಯ ಆಚೆ ದಂಡೆಯ ಹೊಲದಲ್ಲಿ ಪರಿಚಯ ಆದ ಒಬ್ಬಳ ಜೊತೆ ಈ ದಂಡೆಯಿಂದಲೇ ಮಾತಾಡುತ್ತಾಳಂತೆ. ಒಂದು ಬುಟ್ಟಿ ಕೇಕು ತಗೊಂಡು ಬಾ, ಹುಡುಗರು ಕೇಳಾಕತ್ತಾರ ಅಂದಳು. ಮುಂದಿನ ಐತವಾರ ಬರ್ತೇನಿ ಅಂತ ಮಾತು ಕೊಟ್ಟೆ. ಮತ್ತೆ ತನ್ನ ಸುದ್ದಿ ಶುರು ಮಾಡಿದಳು. ನಾನು ಫೋನನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದು ಕೇಳುತ್ತ ಕೂತೆ.

ಒಳಗಿನಿಂದ ಅತ್ತೆ ಎರಡು ಬಸಿ ಚಹಾ ಹಿಡಿದುಕೊಂಡು ಬಂದರು. ಪಡಸಾಲೆಯಲ್ಲಿ ನಾನೊಬ್ಬಳೇ ಇದ್ದದ್ದು ನೋಡಿ ಬಾಗಿಲಲ್ಲೇ ನಿಂತರು.

"ಯಾರೋ ಮನಿಗಿ ಬಂದಾರಂತ ಮಾಡಿದ್ದೆ" ಅಂದರು.